ಮೇಲಿನಿಂದ ನೀಲಿ

ಯಾವ ವಸ್ತುವಿನ ಬಣ್ಣ ಹೇಳಬೇಕಾದರೂ ಎಲ್ಲಿ ನಿಂತು ನೋಡಿದೆ ಎಂಬುದನ್ನೂ ನಾನು ಸೇರಿಸಿ ಹೇಳುತ್ತೇನೆ. ನಾನು ಪಾಠ ಮಾಡುವ ಬಾಳ್ಳುಪೇಟೆಯ ಶಾಲೆಯಲ್ಲಿ ಇದೊಂದು ತಮಾಷೆಯಾಗಿದೆ. ‘ಸೀರೆ ಯಾವ ಬಣ್ಣ ಅಂತ ಇವರನ್ನ ಕೇಳಿ ನೋಡಿ. ಕಿಟಕಿ ಹತ್ತಿರ ಹಸಿರು, ಬಾಗಿಲ ಹತ್ತಿರ ಇನ್ನೂ ನೋಡಿಲ್ಲ ಅಂತಾರೆ’ ಎಂದು ಜೊತೆಯ ಟೀಚರುಗಳು ನಗುತ್ತಾರೆ. ಈ ಅಭ್ಯಾಸ ನನಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಅಪ್ಪ ತೀರಿಕೊಂಡ ಮೇಲೆ, ವನಗೂರಿನ ಆಚೆಯ ಒಂದು ಅಡುಗೆಮನೆಯಲ್ಲಿ. ಅಲ್ಲಿಗೆ ನಾವು ಹೇಗೆ ಹೋದೆವು, ಏನು ಕಂಡೆವು ಎಂಬುದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಮನೆಯಲ್ಲಿ ನಮ್ಮದು ಕೊಂಕಣಿ. ಅಪ್ಪ ಅಮ್ಮ ಪರಸ್ಪರ ಆಡಿದ್ದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಅಪ್ಪ ಶಿಲ್ಪಿ. ದೊಡ್ಡ ಊರುಗಳ ಸರ್ಕಲ್ಲುಗಳಲ್ಲಿ, ಅಣೆಕಟ್ಟುಗಳ ಮುಂದೆ ನಿಲ್ಲುವಂಥ ಭಾರಿ ಮೂರ್ತಿಗಳನ್ನು ಕಲ್ಲಿನಲ್ಲೂ ಕಾಂಕ್ರೀಟಿನಲ್ಲೂ ಮಾಡುತ್ತಿದ್ದರು. ನೇಗಿಲು ಹೊತ್ತ ರೈತ, ಕೊಡ ಇಳಿಸುತ್ತಿರುವ ಹೆಂಗಸು, ಬಲೆ ಎಳೆಯುವ ಮೀನುಗಾರರು. ಅವು ಈಗಲೂ ಅಲ್ಲಲ್ಲೇ ನಿಂತಿವೆ. ವಯಸ್ಸು ಐವತ್ತು ದಾಟಿದ ಮೇಲೆ ವನಗೂರಿನ ಈಚೆ ನಮ್ಮ ಅಜ್ಜ ಮಾಡಿದ್ದ ಸಣ್ಣ ಕಾಫಿ ತೋಟಕ್ಕೆ ಬಂದು ನೆಲೆಸಿದರು. ಬರುವಾಗ ಲಾರಿಯಲ್ಲಿ ಪಾತ್ರೆ, ಮಂಚ, ಪುಸ್ತಕಗಳ ಜೊತೆ ಒಂದು ಕಿವಿಯನ್ನೂ ತಂದರು. ರೈತನ ಮೂರ್ತಿಗೆಂದು ಮಾಡಿದ್ದ ಕಾಂಕ್ರೀಟ್ ಕಿವಿ ಅದು. ಪೇಟವನ್ನು ಇನ್ನೂ ಸ್ವಲ್ಪ ಕೆಳಗಿಳಿಸಬೇಕೆಂದು ಮೂರ್ತಿ ಮಾಡಿಸಿದ ಸಮಿತಿಯವರು ಹೇಳಿದ್ದರಿಂದ ಒಂದು ಕಿವಿಗೆ ಜಾಗವಿಲ್ಲದೆ ಹೋಗಿತ್ತು. ಅಪ್ಪ ಅದನ್ನು ಅಂಗಳದ ಗೋಡೆಗೆ ಒರಗಿಸಿಟ್ಟರು. ದೊಡ್ಡವರೊಬ್ಬರು ಅದರೊಳಗೆ ಕಾಲು ಮಡಚಿ ಕೂರಬಹುದಿತ್ತು. ನಮ್ಮ ಕೋಳಿಗಳು ಬೇರೆಲ್ಲೂ ಮೊಟ್ಟೆ ಇಡುತ್ತಿರಲಿಲ್ಲ. ‘ಕಿವಿಯಲ್ಲಿ ನೋಡಿ ಬಾ’ ಎಂದು ಅಮ್ಮ ಹೇಳಿದರೆ ಬೆಳಗಿನ ತಿಂಡಿಗೆ ಆಮ್ಲೆಟ್ ಎಂದು ತಿಳಿಯಬೇಕು. ಸುತ್ತಲಿನವರಿಗೆ ನಾವು ಕಿವಿ ಮನೆಯವರಾದೆವು.

ಬೆಟ್ಟಕ್ಕೆ ಬಂದ ಮೇಲೆ ಅಪ್ಪ ಹಿಡಿದದ್ದು ಗಾಜು. ‘ದೊಡ್ಡ ಮೂರ್ತಿ ಸಾಕು. ಎಲ್ಲರೂ ಕೆಳಗೇ ನಿಂತು ನೋಡುತ್ತಾರೆ. ಎಲ್ಲರಿಗೂ ಮೂಗಿನ ಹೊಳ್ಳೆಯೇ ಕಾಣುವುದು’ ಎನ್ನುತ್ತಿದ್ದರು. ಅಮ್ಮನ ತಂದೆ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯ ಮೇಸ್ತ್ರಿಯಾಗಿದ್ದರು. ಹಂಚು ಒತ್ತುವ ಕಬ್ಬಿಣದ ಅಚ್ಚೊಂದು ಅವರಿಂದ ನಮ್ಮ ಮನೆಗೆ ಬಂದು, ಬಾಗಿಲು ಗಾಳಿಗೆ ಬಡಿಯದಂತೆ ತಡೆಯುವ ಕೆಲಸ ಮಾಡಿಕೊಂಡಿತ್ತು. ಅಪ್ಪ ಅದನ್ನು ತೊಳೆದು, ಅದರಲ್ಲಿ ಜೇಡಿಮಣ್ಣು ಒತ್ತಿ, ಸುಟ್ಟು, ಗಾಜಿಗೆ ಅಚ್ಚು ಮಾಡಿಕೊಂಡರು. ಬಾಳ್ಳುಪೇಟೆಯ ಅಂಗಡಿಗಳ ಖಾಲಿ ಬಾಟಲಿ, ಲಾರಿಗಳ ಒಡೆದ ದೀಪ, ಔಷಧಿ ಸೀಸೆ, ಎಲ್ಲವನ್ನೂ ಪುಡಿ ಮಾಡಿ, ಬಣ್ಣ ಬರಿಸುವ ಪುಡಿಗಳನ್ನು ಬೆರೆಸಿ, ಆ ಅಚ್ಚಿನಲ್ಲಿ ತುಂಬಿ ಹಿತ್ತಲಿನ ಕುಲುಮೆಯಲ್ಲಿ ಕರಗಿಸುತ್ತಿದ್ದರು. ಕರಾವಳಿಯ ಇಗರ್ಜಿಗಳ, ಅಂದರೆ ಚರ್ಚುಗಳ, ಕಿಟಕಿಗಳಿಗೆ ಅವರು ಮಾಡಿದ ದೊಡ್ಡ ಗಾಜಿನ ಫಲಕಗಳ ಬಣ್ಣವೆಲ್ಲ ಮೊದಲು ಹೀಗೆ ಪರೀಕ್ಷೆಯಾದದ್ದು. ಹಾಗಾಗಿ ಅವರು ಪರೀಕ್ಷಿಸಿದ ಪ್ರತಿಯೊಂದು ಬಣ್ಣವೂ ಒಂದೊಂದು ಹಂಚಾಗಿ ಹೊರಬರುತ್ತಿತ್ತು.

ಹಂಚಾದ ಮೇಲೆ ಅದು ಯಾವ ಮಾಡಿನ ಮೇಲಾದರೂ ಕೂರುತ್ತದೆ. ಸೌದೆ ಕೊಟ್ಟವರಿಗೆ, ಬಾಟಲಿ ಕೊಟ್ಟವರಿಗೆ, ದಾರಿಯಲ್ಲಿ ಮಜ್ಜಿಗೆ ಕೊಟ್ಟವರಿಗೆ, ಅಡುಗೆಮನೆ ಕತ್ತಲೆ ಎಂದು ಹೇಳಿದವರಿಗೆಲ್ಲ ಅಪ್ಪ ಒಂದೊಂದು ಕೊಟ್ಟರು. ತಾವೇ ಏಣಿ ಹತ್ತಿ ಮಣ್ಣಿನ ಹಂಚು ತೆಗೆದು ಗಾಜಿನದನ್ನು ಕೂರಿಸಿ ಬರುತ್ತಿದ್ದರು. ‘ಹಂಚು ಹಂಚೋ ಸಾಹೇಬ್ರು ಬಂದ್ರು’ ಎಂದು ಜನ ತಮಾಷೆ ಮಾಡುತ್ತಿದ್ದರು. ಅಪ್ಪನಿಗೆ ಈ ಮಾತು ಬಹಳ ಇಷ್ಟವಾಗಿತ್ತು.

ಒಂದು ಬೇಸಿಗೆಯಲ್ಲಿ ಅವರು ತಮ್ಮ ಸಮಾಧಿಯ ಕಲ್ಲನ್ನು ತಾವೇ ಕಡೆಯಲು ಕೂತರು. ಆರೋಗ್ಯವಾಗಿಯೇ ಇದ್ದರು. ಒಳ್ಳೆಯ ಕಲ್ಲು ಸಿಕ್ಕಿತ್ತು, ಅಷ್ಟೇ. ಅಮ್ಮ ಅವರೊಂದಿಗೆ ಮಾತು ಬಿಟ್ಟಳು. ಆಮೇಲೆ ಕಲ್ಲು ಚೆನ್ನಾಗಿ ಕಾಯುತ್ತದೆ ಎಂದು ಅದರ ಮೇಲೆ ಹಪ್ಪಳ ಒಣಗಿಸಿದಳು. ಹಪ್ಪಳ ಹಾಕುವಾಗ ಅವಳಿಗೆ ಕಂಡದ್ದು, ತಲೆಯ ಕಡೆ ಒಂದು ಹಂಚಿನಷ್ಟಗಲದ ತೂತು.

‘ಇದು ಏನು, ಕಿಟಕಿಯಾ?’

‘ಅಲ್ಲಿಗೆ ನೀಲಿ ಹಂಚು. ನೀಲಿ ಸರಿಯಾಗಿ ಬಂದದ್ದು ಒಂದೇ ಒಂದು.’

‘ಎಲ್ಲಿದೆ ಅದು?’

‘ಕೊಟ್ಟುಬಿಟ್ಟೆ. ಬೇಕಾದಾಗ ಕೇಳಿ ತರುತ್ತೇನೆ.’

‘ಯಾರಿಗೆ ಕೊಟ್ಟಿರಿ?’

‘ನಿನಗೆ ಹೇಳಿದರೆ ಈಗಲೇ ಹೋಗಿ ತರುತ್ತೀಯ. ಅವಸರವೇನು?’ ಅಪ್ಪ ನಕ್ಕರು. ನಾನು ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಈ ಮಾತು ನನ್ನ ಕಿವಿಗೆ ಬಿದ್ದದ್ದು ಹೀಗೆಯೇ.

ಮರುವರ್ಷ ಕಿತ್ತಳೆ ಹಣ್ಣಿನ ಕಾಲದಲ್ಲಿ ಅಪ್ಪ ತೀರಿಕೊಂಡರು. ಊಟದ ಮೇಜಿನಲ್ಲಿ ನನ್ನ ಎದುರಿಗೇ ಕೂತು ಹಣ್ಣು ಸುಲಿಯುತ್ತಿದ್ದರು. ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಒಂದೇ ಸುರುಳಿಯಾಗಿ ತೆಗೆಯುವುದು ಅವರ ರೂಢಿ. ಸುರುಳಿ ಅರ್ಧಕ್ಕೆ ಬಂದಾಗ ಕೈ ನಿಂತಿತು. ನಾನು ಹಣ್ಣನ್ನೇ ನೋಡುತ್ತಿದ್ದೆ. ಮುಖ ನೋಡಿದ್ದು ಆಮೇಲೆ. ಬಹಳ ತಿಂಗಳು ನನಗೆ ಇದನ್ನು ಇದಕ್ಕಿಂತ ಹೆಚ್ಚಾಗಿ ಹೇಳಲು ಆಗುತ್ತಿರಲಿಲ್ಲ. ಈಗಲೂ ಇಷ್ಟೇ.

ಇಗರ್ಜಿಯ ಸ್ಮಶಾನದಲ್ಲಿ ಸಮಾಧಿಗೆ ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ಅವರೇ ಕಡೆದ ಕಲ್ಲನ್ನು ಕೂರಿಸಿದೆವು. ತೂತು ತೂತಾಗಿಯೇ ಉಳಿಯಿತು. ಅದಕ್ಕೊಂದು ಹಲಗೆ ಮುಚ್ಚಿದರೂ ಮಳೆಗಾಲದಲ್ಲಿ ನೀರು ಇಳಿಯಿತು, ಕಪ್ಪೆ ಸೇರಿಕೊಂಡಿತು. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಅಮ್ಮ ಅಲ್ಲಿಗೆ ಹೋದರೆ ಕಪ್ಪೆ ವಟಗುಟ್ಟುವುದು. ‘ಬದುಕಿದ್ದಾಗಲೂ ನನಗೆ ಎದುರು ಮಾತೇ’ ಎಂದಳು ಒಮ್ಮೆ. ಇಗರ್ಜಿಯ ಫಾದರ್, ಅಳತೆಗೆ ಸರಿಯಾಗಿ ಮಾರ್ಬಲ್ ಕೂರಿಸಿಬಿಡಿ ಎಂದು ಸಲಹೆ ಕೊಟ್ಟರು. ಅಮ್ಮ ಒಪ್ಪಲಿಲ್ಲ. ಗಂಡ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ, ತೀರಿಕೊಂಡು ವರ್ಷವಾದಾಗ ಇಗರ್ಜಿಯಲ್ಲಿ ಮಾಡಿಸುವ ವರ್ಷದ ಪೂಜೆಯೊಳಗೆ ನೀಲಿ ಹಂಚು ಅಲ್ಲಿ ಇರಬೇಕು, ಇಲ್ಲವಾದರೆ ಆ ದಿನ ತಾನು ಸಮಾಧಿಯ ಹತ್ತಿರ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದಳು. ಅವಳು ರಾತ್ರಿ ಸರಿಯಾಗಿ ಮಲಗುತ್ತಿರಲಿಲ್ಲ. ಹಾಗಾಗಿ ನಾವಿಬ್ಬರೂ ಹಂಚು ಹುಡುಕಲು ಹೊರಟೆವು.

ಎಲ್ಲರ ಮನೆಯ ಮಾಡನ್ನು ಕತ್ತೆತ್ತಿ ನೋಡುತ್ತ ಓಡಾಡಿದ ಆ ತಿಂಗಳುಗಳು, ಈಗ ನೆನೆದರೆ, ಸಂತೋಷದ ತಿಂಗಳುಗಳೇ. ಮಗ್ಗೆ ಎಂಬ ಊರಿನಲ್ಲಿ ಒಬ್ಬ ಮುದುಕರು ತಮ್ಮ ಹಸಿರು ಹಂಚಿನ ಕೆಳಗೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ‘ಕೆರೆ ಒಳಗೆ ಬಿದ್ಕೊಂಡಂಗೈತೆ ಕಣವ್ವ, ಸೆಕೆನೇ ಇಲ್ಲ’ ಎಂದರು. ಒಂದು ಕಾಫಿ ಎಸ್ಟೇಟಿನ, ಕೊಯ್ದ ಹಣ್ಣು ಸುರಿಯುವ ಸ್ಟೋರಿನಲ್ಲಿ ಕೆಂಪು ಹಂಚು ಮೂಲೆಯಲ್ಲಿ ಒರಗಿತ್ತು. ಯಾಕೆ ತೆಗೆಸಿದಿರಿ ಎಂದು ಅಲ್ಲಿ ಲೆಕ್ಕ ಬರೆಯುವ ರೈಟರನ್ನು ಕೇಳಿದೆ.

‘ಬಿಚ್ಚಿಸ್ಬುಟ್ಟೆ ಮೇಡಂ. ಅದ್ರಡಿ ನಿಂತ್ರೆ ಹಣ್ಣೂ ಒಂದೇ, ಕಾಯಿನೂ ಒಂದೇ. ಕೊಯ್ಲಿನೋರು ಹಸಿರು ಕಾಯಿ ತಂದು ಸರಿಯಾಗಿ ಅದ್ರಡಿಗೇ ಸುರಿಯೋರು. ಅಲ್ಲಿಗಂಟ ನಗ್ತಾ ಬರೋರು, ನಂಗೆ ಯಾಕೆ ಅಂತ್ಲೇ ಗೊತ್ತಾಗ್ತಿರ್ಲಿಲ್ಲ.’

ಕೆಂಪು, ಹಸಿರು, ಕಂದು, ಹಳದಿ, ಎಲ್ಲ ಸಿಕ್ಕಿದವು. ನೀಲಿ ಸಿಗಲಿಲ್ಲ. ಪ್ರತಿ ಮನೆಯ ಬಾಗಿಲಲ್ಲೂ ನಮ್ಮ ಪ್ರಶ್ನೆ ಒಂದೇ, ನಿಮ್ಮಲ್ಲಿ ನೀಲಿ ಹಂಚು ಇದೆಯಾ? ಇಲ್ಲ ಎನ್ನುತ್ತಿದ್ದರು. ಕಾಫಿ ಕುಡಿದು ಬರುತ್ತಿದ್ದೆವು.

ಚಳಿಗಾಲ ಮುಗಿಯುತ್ತ ಬಂದಾಗ ಒಂದು ಶನಿವಾರ ವನಗೂರಿನ ಕಡೆಯಿಂದ ಜೀಪಿನಲ್ಲಿ ಬರುತ್ತಿದ್ದೆವು. ಆ ಏರುದಾರಿಯಲ್ಲಿ ದಿನವೂ ಜನರನ್ನು ತುಂಬಿಕೊಂಡು ಓಡಾಡುವ ಜೀಪು. ಡ್ರೈವರ್ ಕೇಳಿದ, ‘ಏನವ್ವ, ಅಮ್ಮ ಮಗಳು ತಿಂಗಳುಗಟ್ಲೆ ಮನೆ ಮನೆ ತಿರುಗ್ತಿದೀರ?’

‘ನೀಲಿ ಹಂಚು ಹುಡುಕುವುದು ಮಾರಾಯ. ಎಲ್ಲಿಯೂ ಇಲ್ಲ’ ಎಂದಳು ಅಮ್ಮ. ಅವಳ ಕನ್ನಡದಲ್ಲಿ ಕರಾವಳಿ ಹಾಗೇ ಉಳಿದಿದೆ.

‘ಇಲ್ಲ ಅಂದೋರ್ಯಾರು? ದಿನಾ ನೋಡ್ತೀನಲ್ಲ.’

‘ಮತ್ತೆ ಹೇಳ್ಲಿಕ್ಕೆ ಏನಾಗಿತ್ತು ನಿನಗೆ?’

‘ನೀವು ಮನೆ ಇರೋರ್ನ ಕೇಳ್ಕೊಂಡು ಓಡಾಡಿದ್ರಿ. ಜೀಪ್ ಓಡ್ಸೋನ್ನ ಕೇಳಿದ್ರಾ?’

ಅವನು ಜೀಪು ತಿರುಗಿಸಿ, ವನಗೂರು ದಾಟಿ, ಒಂದು ತಿರುವಿನಲ್ಲಿ ನಿಲ್ಲಿಸಿದ. ರಸ್ತೆಯ ಕೆಳಗೆ ಇಳಿಜಾರಿನಲ್ಲಿ ಒಂದು ಹಂಚಿನ ಮನೆ. ನಡುವೆ ಲಂಟಾನದ ಬೇಲಿ ಎತ್ತರಕ್ಕೆ ಬೆಳೆದಿತ್ತು. ನಡೆದು ಹೋಗುವವರಿಗೆ ಬೇಲಿಯಷ್ಟೇ ಕಾಣುತ್ತದೆ. ನಾವು ಜೀಪಿನ ಮೆಟ್ಟಿಲ ಮೇಲೆ ನಿಂತು ನೋಡಿದೆವು. ಹಾವಸೆ ಹಿಡಿದ ಕೆಂಪು ಹಂಚುಗಳ ನಡುವೆ ಒಂದು ನೀಲಿ. ಗಾಢವಾದದ್ದಲ್ಲ. ಒಲೆಯ ತೆಳುಹೊಗೆ ಮಸಿ ಹಿಡಿದ ಗೋಡೆಯ ಮುಂದೆ ಹಾದುಹೋಗುವಾಗ ಕಾಣುತ್ತದಲ್ಲ, ಅಂಥ ನೀಲಿ. ಅಮ್ಮ ನನ್ನ ತೋಳು ಹಿಡಿದುಕೊಂಡಳು.

‘ಆದ್ರೆ ಆ ಮನೆ ಅಮ್ಮಂಗೆ ನೀಲಿ ಅಂದ್ರೆ ಮೈ ಉರೀತದೆ’ ಎಂದ ಡ್ರೈವರ್. ‘ಒಂದ್ಸಲ, ನಿಮ್ಮನೆ ನೀಲಿ ಹಂಚು ಚೆಂದಾಗೈತೆ ಕಣಮ್ಮ ಅಂದೆ. ಹಗಲೊತ್ತೇ ಕುಡ್ದು ಜೀಪ್ ಓಡಿಸ್ತೀಯಾ ಅಂತ ನಾಕು ಜನರ ಮುಂದೆ ಬೈದ್ಬುಟ್ಟರು.’

ಆ ಮನೆಗೆ ನಾನು ಮೊದಲೇ ಹೋಗಿ ಬಂದಿದ್ದೆ. ‘ನೀಲಿ ಇಲ್ಲ, ಹಳದಿ ಒಂದೈತೆ’ ಎಂದು ಜಗಲಿಯಲ್ಲೇ ಉತ್ತರ ಸಿಕ್ಕಿತ್ತು. ಒಳಗೆ ಹೋಗಿ ನೋಡಿರಲಿಲ್ಲ. ಕೆಳಗಿನ ಕಾಲುದಾರಿಯಿಂದ ಈಗ ಮತ್ತೆ ಹೋದೆವು. ಮನೆಯ ಯಜಮಾನಿಗೆ ಅರವತ್ತರ ಹತ್ತಿರ ವಯಸ್ಸು. ಬೇಸಾಯದ ಮನೆ. ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಇತ್ತು. ಡ್ರೈವರನ್ನು ನೋಡಿದ್ದೇ, ‘ಇವ್ನ ಮಾತು ಕಟ್ಕೊಂಡು ಬಂದ್ರಾ’ ಎಂದರು. ‘ಬನ್ನಿ, ನೀವೇ ನೋಡ್ಕಳಿ.’

ಅಡುಗೆಮನೆ ಕತ್ತಲೆಯಾಗಿತ್ತು. ಮಾಡಿನ ಒಂದು ಕಡೆಯಿಂದ ಬೆಳಕು ಇಳಿದು ಒಲೆಯ ಪಕ್ಕದ ನೆಲದ ಮೇಲೆ ಬಿದ್ದಿತ್ತು. ಕತ್ತೆತ್ತಿ ನೋಡಿದೆ. ಹಂಚು ಜೇನಿನ ಬಣ್ಣ. ತುಡುವೆ ಜೇನನ್ನು ಬಾಟಲಿಯಲ್ಲಿ ತುಂಬಿ ಬಿಸಿಲಿಗೆ ಹಿಡಿದರೆ ಹೇಗೋ ಹಾಗೆ. ನೀಲಿ ಎಲ್ಲೂ ಇರಲಿಲ್ಲ. ಅಮ್ಮ ಹೊಸ್ತಿಲ ಮೇಲೆಯೇ ಕುಸಿದು ಕೂತಳು. ‘ಇದಲ್ಲ’ ಎಂದಳು ನನಗೆ ಕೊಂಕಣಿಯಲ್ಲಿ.

‘ಇದೇ ಕಣ್ರೀ’ ಎಂದ ಡ್ರೈವರ್.

‘ಎಲ್ಲಯ್ಯ ನೀಲಿ? ತೋರ್ಸು ನೋಡಾನ.’

‘ಮೇಲಿಂದ ನೋಡಿ ನೀವು.’

‘ನಮ್ಮನೆ ಹಂಚು ನೋಡಕ್ಕೆ ನಾನ್ಯಾಕೆ ಮಾಡು ಹತ್ಲಿ? ಸೊಂಟ ಹಿಡ್ದೈತೆ. ನೀನು ಹತ್ತು. ಆ ನಿನ್ನ ನೀಲಿ ಮೇಲೆ ಕೈಯಿಡು, ಯಾವ್ದು ಅಂತ ನಾನು ಇಲ್ಲಿಂದ ಹೇಳ್ತೀನಿ.’

ಅವನು ಏಣಿ ಹಾಕಿ ಹತ್ತಿದ. ತಲೆಯ ಮೇಲೆ ಹಂಚುಗಳು ಕಟಕಟ ಎಂದವು. ಆಮೇಲೆ ಮೇಲಿನಿಂದ ಅವನ ದನಿ, ‘ಇಟ್ಟೆ ಕಣಮ್ಮ. ನೀಲಿ ಮೇಲೇ ಇಟ್ಟಿದೀನಿ.’ ಜೇನಿನ ಬಣ್ಣದ ನಡುವೆ ಐದು ಬೆರಳಿನ ನೆರಳು ಮೂಡಿತು. ನಾವು ಮೂವರೂ ಅದನ್ನು ನೋಡಿದೆವು.

‘ಹಳದಿ ಮೇಲೆ ಐತೆ ಅವ್ನ ಕೈ’ ಎಂದರು ಯಜಮಾನಿ. ದನಿ ಸಣ್ಣಗಾಗಿತ್ತು.

ನಾನು ಹೊರಗೆ ಓಡಿ, ಏಣಿಯ ಅರ್ಧ ಹತ್ತಿ ನೋಡಿದೆ. ಅವನ ಕೈ ನೀಲಿಯ ಮೇಲಿತ್ತು. ಇಳಿದು ಒಳಗೆ ಬಂದೆ. ಜೇನು. ಮತ್ತೆ ಹೊರಗೆ ಹೋದೆ. ನೀಲಿ. ಗಾಜಿನಲ್ಲಿ ಒಂದು ಬಗೆಯ ಮಬ್ಬು ಇದ್ದರೆ ಕತ್ತಲೆಯ ಮೇಲಿಟ್ಟು ನೋಡಿದಾಗ ನೀಲಿ, ಬೆಳಕಿಗೆ ಹಿಡಿದಾಗ ಹಳದಿ ಎಂದು ಆಮೇಲೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ವಿವರಿಸಿದರು. ಆ ಹೊತ್ತಿಗೆ ನನಗೆ ಗೊತ್ತಿದ್ದದ್ದು, ಹಂಚು ಒಂದೇ, ನಾನೂ ಒಬ್ಬಳೇ, ಎರಡು ಕಡೆಯಿಂದಲೂ ಕಂಡದ್ದು ನಿಜ ಎಂದಷ್ಟೇ. ಮನೆಯಿರುವವರನ್ನೇ ಕೇಳಿಕೊಂಡು ನಾವು ತಿಂಗಳುಗಟ್ಟಲೆ ತಿರುಗಿದ್ದೆವು. ಅವರೋ ತಮ್ಮ ಹಂಚನ್ನು ಕೆಳಗಿನಿಂದಲೇ ಕಂಡವರು.

ಯಜಮಾನಿ ಬೆಲ್ಲದ ಕಾಫಿ ಕೊಟ್ಟರು. ಒಮ್ಮೆ ಅಪ್ಪ ದಾರಿಯಲ್ಲಿ ಸುಸ್ತಾಗಿ ಬಂದು ಆ ಅಡುಗೆಮನೆಯಲ್ಲಿ ಕೂತು ಮಜ್ಜಿಗೆ ಕುಡಿದು ಹೋಗಿದ್ದರಂತೆ. ಮುಂದಿನ ವಾರವೇ ಹಂಚು ತಂದು ಹಾಕಿದ್ದರಂತೆ. ಅಮ್ಮ ಸಮಾಧಿಯ ಕಲ್ಲಿನ ವಿಷಯ, ತೂತಿನ ವಿಷಯ, ವರ್ಷದ ಪೂಜೆ ಹತ್ತಿರ ಬಂದಿರುವ ವಿಷಯ ಹೇಳಿದಳು. ಹಂಚು ಕೊಡುತ್ತೀರಾ ಎಂದು ಕೇಳಿದಳು.

ಯಜಮಾನಿ ಒಲೆಯ ಕೆಂಡ ಕೆದಕಿದರು. ‘ಕಾಲು ಮುರ್ಕೊಂಡಿದ್ದಾಗ ಇಲ್ಲೇ ಒಲೆ ಪಕ್ಕ ಮಲಗ್ಸಿದ್ರು ನನ್ನ. ದಿನಾ ಅದ್ನೇ ನೋಡ್ತಾ ಮಲ್ಗಿರೋಳು. ಅದ್ರಾಗೆ ಬೂದಿ ಬೇರೆ ಐತೆ. ನಿಮ್ಮ ಯಜಮಾನ್ರೇ ಹೇಳಿದ್ರು, ಬೂದಿ ಹಾಕಿ ಮಾಡೀನಿ ಅಂತ. ವಿಭೂತಿ ಇರೋ ಹಂಚು. ಅದಕ್ಕೆ ಬೆಳಗ್ಗೆ ಒಂದ್ಸಲ ಕೈ ಮುಗೀತೀನಿ.’

ಅಮ್ಮ ಲೋಟ ಕೆಳಗಿಟ್ಟಳು. ಸುಮ್ಮನಿದ್ದುಬಿಡಬಹುದಿತ್ತು. ‘ವಿಭೂತಿ ಅಲ್ಲ ಅದು’ ಎಂದಳು. ‘ಮೂಳೆಯ ಬೂದಿ. ಬಾಳ್ಳುಪೇಟೆಯ ಮಟನ್ ಅಂಗಡಿಯಿಂದ ತಂದು ಸುಟ್ಟದ್ದು. ಗಾಜಿಗೆ ಮಬ್ಬು ಬರ್ಲಿಕ್ಕೆ ಹಾಕುವುದು. ನಾನೇ ಅರೆದು ಕೊಟ್ಟದ್ದು.’

ಮಾಡಿನ ಮೇಲೆ ಡ್ರೈವರ್ ಕಿಸಕ್ಕನೆ ನಕ್ಕ. ‘ಏಯ್, ಇಳಿಯೋ ನೀನು’ ಎಂದು ಯಜಮಾನಿ ಕತ್ತೆತ್ತದೆಯೇ ಗದರಿದರು. ಅಮ್ಮನನ್ನು ನೋಡಿದರು. ಒಲೆಯನ್ನು ನೋಡಿದರು. ‘ಚೆನ್ನಾಗಿ ಸುಟ್ಟಿದ್ರಾ?’

‘ಬೆಳ್ಳಗೆ ಪುಡಿ ಆಗುವ ತನಕ.’

‘ನಾವು ಹಚ್ಕೊಳೋದಾದ್ರೂ ಏನು, ಸಗಣಿ ಸುಟ್ಟಿದ್ದೇ ತಾನೇ’ ಎಂದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ‘ಇಷ್ಟು ವರ್ಷ ಮಟನ್ ಅಂಗಡಿಗೆ ಕೈ ಮುಗ್ದೆ ಅನ್ನಿ.’ ನಗು ತಡೆಯಲಾರದೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಗು ನಿಂತ ಮೇಲೆ ಬೇರೆಯೇ ಒಂದು ಪ್ರಶ್ನೆ ಕೇಳಿದರು. ‘ನಮ್ಮಲ್ಲಿ ಕೂರ್ಸಿ ಹೂಳ್ತಾರೆ. ನಿಮ್ಮಲ್ಲಿ?’

‘ಮಲಗಿಸುವುದು. ಮುಖ ಮೇಲೆ ಮಾಡಿ.’

‘ಆ ತೂತು ಎಲ್ಲಿಗೆ ಬರ್ತದೆ?’

ಅಮ್ಮ ಅಂಗೈಯನ್ನು ತನ್ನ ಮುಖದ ಮುಂದೆ ಹಿಡಿದು ತೋರಿಸಿದಳು. ‘ಇಲ್ಲಿಗೆ.’

ಅವರು ಹಂಚನ್ನು ನೋಡಿದರು. ನೆಲದ ಮೇಲಿನ ಬೆಳಕನ್ನು, ತಾವು ಕಾಲು ಮುರಿದು ಮಲಗಿದ್ದ ಜಾಗವನ್ನು ನೋಡಿದರು. ‘ಹಂಗಾರೆ ನೀಲಿ ಅಂತ ನಿಮಗೆ ಹೇಳವ್ರೆ ಅಷ್ಟೇ ಕಣವ್ವ. ಅವರು ಕೇಳಿರೋದು ಹಳದಿ. ಮಲಗಿದೋರಿಗೆ ಕಾಣೋದು ಇದೇ.’

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದ ಮೇಲೆ ಅವಳು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡದ್ದು ಅಂದೇ ಮೊದಲು. ‘ನನಗೆ ನೀಲಿ ಅಂತ ಹೇಳಿ ಜೇನನ್ನು ತಾವೇ ಇಟ್ಟುಕೊಂಡರು’ ಎಂದು ಕೊಂಕಣಿಯಲ್ಲಿ ಹೇಳಿ, ಮತ್ತೆ ಅದನ್ನೇ ಕನ್ನಡದಲ್ಲಿ ಯಜಮಾನಿಗೂ ಹೇಳಿದಳು. ಇಬ್ಬರೂ ಒಬ್ಬರ ಮೊಣಕೈ ಒಬ್ಬರು ಹಿಡಿದುಕೊಂಡು ನಕ್ಕರು.

‘ತಗೊಂಡೋಗಿ’ ಎಂದರು ಅವರು. ‘ನಾನೀಗ ಎದ್ದು ಓಡಾಡ್ತಿದೀನಿ, ಕತ್ತೆತ್ತಿ ನೋಡೋಕೆ ಪುರುಸೊತ್ತೆಲ್ಲಿ? ಆದ್ರೆ ಬದ್ಲಿಗೆ ಒಂದು ಕೊಡ್ಬೇಕು. ಹಸಿರು ಬ್ಯಾಡ. ಸಾರು ಹಳಸಿದಂಗೆ ಕಾಣ್ತದೆ.’

ಅಮ್ಮ ನಮ್ಮದೇ ಅಡುಗೆಮನೆಯ ಹಂಚನ್ನು ಇಳಿಸಿ ಕೊಟ್ಟಳು. ಕೆಂಪು ಮಾಡಲು ಹೋಗಿ ತಿಳಿಗುಲಾಬಿ ಆದ ಹಂಚು ಅದು. ಡ್ರೈವರ್ ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದು ತಾನೇ ಮಾಡಿಗೆ ಕೂರಿಸಿದ.

ವರ್ಷದ ಪೂಜೆಯ ಹಿಂದಿನ ದಿನ ನಾನೂ ಅಮ್ಮನೂ ಹಂಚನ್ನು ಕಲ್ಲಿನ ತೂತಿಗೆ ಇಳಿಸಿದೆವು. ಕಪ್ಪೆಯನ್ನು ಮೊದಲೇ ಪಕ್ಕದ ಹುಲ್ಲಿಗೆ ಬಿಟ್ಟಿದ್ದೆವು. ಅಪ್ಪ ತೂತಿನ ಒಳಸುತ್ತಿನಲ್ಲಿ ಹಂಚಿನ ಅಂಚು ಕೂರಲು ಸಣ್ಣ ಮೆಟ್ಟಿಲು ಬಿಟ್ಟಿದ್ದರು. ಕೈ ಬಿಟ್ಟಾಗ ಸಣ್ಣ ಶಬ್ದವಾಯಿತು, ಡಬ್ಬಿಯ ಮುಚ್ಚಳ ಕೂರುವ ಶಬ್ದ. ಬೂದು ಕಲ್ಲಿನ ನಡುವೆ ಹೊಗೆಯಂಥ ನೀಲಿ. ಅಮ್ಮ ಅದರ ಮೇಲೆ ಅಂಗೈ ಇಟ್ಟಳು, ಒಳಗಿನಿಂದ ನೆರಳು ಕಾಣಲಿ ಎಂಬ ಹಾಗೆ.

ಮರುದಿನ ಪೂಜೆ ಮುಗಿದ ಮೇಲೆ ಜೀಪು ಬಂತು. ಯಜಮಾನಿ ರೇಷ್ಮೆ ಸೀರೆ ಉಟ್ಟು, ಸೊಂಟ ಹಿಡಿದುಕೊಂಡು ಇಳಿದರು. ಅವರ ಹಿತ್ತಲಿನ ಕಿತ್ತಳೆ ಒಂದು ಚೀಲ ತಂದಿದ್ದರು. ಸಮಾಧಿಯ ಪಕ್ಕ ನಿಂತು, ಇಷ್ಟು ವರ್ಷ ತಮ್ಮ ಮನೆಯಲ್ಲೇ ಇದ್ದ ಹಂಚನ್ನು ಮೊದಲ ಸಲ ಮೇಲಿನಿಂದ ನೋಡಿದರು.

‘ನೀಲಿನೇ’ ಎಂದರು ಮೆಲ್ಲಗೆ.

ಹಿಂದಿನಿಂದ ಡ್ರೈವರ್, ‘ಈಗ ಇಬ್ರಲ್ಲಿ ಯಾರು ಕುಡ್ದಿರೋದು?’ ಎಂದ.

‘ಬಾಯ್ಮುಚ್ಚು. ಸಮಾಧಿ ಮುಂದೆ ಏನ್ ಮಾತಾಡ್ತೀಯ’ ಎಂದರು. ಆಮೇಲೆ ಕಲ್ಲಿನ ಕಡೆ ಬಗ್ಗಿ, ‘ನೀವೂ ಒಂದ್ಮಾತು ಹೇಳ್ಬಾರ್ದಾಗಿತ್ತಾ ಸಾಹೇಬ್ರೇ. ಇವನ್ನ ಸುಮ್ಸುಮ್ನೆ ಬೈದ್ಬುಟ್ಟೆ’ ಎಂದರು.

ಅಮ್ಮ ಇಟ್ಟಿಗೆಯ ಕಟ್ಟೆಯ ಮೇಲೆ ಕೂತು ಒಂದು ಕಿತ್ತಳೆ ಸುಲಿಯತೊಡಗಿದಳು. ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅವಳಿಗೆ ಅಪ್ಪನ ಕೈಚಳಕವಿಲ್ಲ. ಸಿಪ್ಪೆ ತುಂಡು ತುಂಡಾಗಿ ಬಂತು. ತೊಳೆ ಬಿಡಿಸಿ ಎಲ್ಲರಿಗೂ ಕೊಟ್ಟಳು.

‘ಗುಲಾಬಿ ಹಂಚು ಹೇಗುಂಟು?’ ಎಂದು ಯಜಮಾನಿಯನ್ನು ಕೇಳಿದಳು.

‘ಹೇಗೈತೆ ಅಂತೀರ? ಅದ್ರಡಿ ಮಜ್ಜಿಗೆ ಶರಬತ್ತಾಗೈತೆ’ ಎಂದರು ಅವರು, ಬಾಯಲ್ಲಿ ಹಣ್ಣು ಇಟ್ಟುಕೊಂಡೇ. ‘ನಮ್ಮೆಜಮಾನ್ರು ಎರಡು ಲೋಟ ಜಾಸ್ತಿ ಕುಡೀತಾರೆ.’